ಲಿನಕ್ಸ್ ಕರ್ನಲ್‌ನ ಯೂಬಿಸ್ಯಾನ್ ಅಲೈನ್‌ಮೆಂಟ್ ಚೆಕ್: ಡ್ರೈವರ್ ಬರೆಯುವವರು ಆನ್ ಮಾಡಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್. ಯೂಬಿಸ್ಯಾನ್ ಅಂದರೆ ಕೋಡ್ ಓಡುವಾಗಲೇ ಸಿ ಭಾಷೆಯ ನಿಯಮ ಮೀರಿದ ಜಾಗಗಳನ್ನು ಹಿಡಿದು ಹೇಳುವ ಸಾಧನ, ಅದರ ಅಲೈನ್‌ಮೆಂಟ್ ಚೆಕ್ ಡೇಟಾ ಸರಿಯಾದ ಅಡ್ರೆಸ್‌ನಲ್ಲಿ ಕೂತಿದೆಯಾ ಅಂತ ನೋಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಬೇರೆ ಏನೂ ಇಳಿಸಿಕೊಳ್ಳಬೇಕಾಗಿಲ್ಲ, ನಿಮ್ಮ ಹತ್ತಿರ ಇರುವ ಕರ್ನಲ್ ಸೋರ್ಸ್ ಒಳಗೇ ಇದೆ. ಯೂಬಿಸ್ಯಾನ್ ಲಿನಕ್ಸ್‌ಗೆ ಬಂದದ್ದು 2016ರಲ್ಲಿ, 4.5ನೇ ಆವೃತ್ತಿಯ ಜೊತೆ. ಇಷ್ಟು ವರ್ಷ ಆದರೂ ಅದರ ಅಲೈನ್‌ಮೆಂಟ್ ಭಾಗವನ್ನು ಒಮ್ಮೆಯೂ ಆನ್ ಮಾಡದ ಡ್ರೈವರ್ ಇಂಜಿನಿಯರ್‌ಗಳು ಬಹಳ ಜನ ಇದ್ದಾರೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಅಲೈನ್‌ಮೆಂಟ್ ಬಗ್ ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. 4 ಬೈಟ್‌ನ ಸಂಖ್ಯೆ 4ರಿಂದ ಭಾಗವಾಗುವ ಅಡ್ರೆಸ್‌ನಲ್ಲಿ ಕೂತಿರಬೇಕು, 8 ಬೈಟ್‌ನದ್ದು ಸಾಮಾನ್ಯವಾಗಿ 8ರಿಂದ ಭಾಗವಾಗುವ ಕಡೆ. ಆದರೆ ಹಾರ್ಡ್‌ವೇರ್‌ನಿಂದ ಬರುವ ಬಫರ್ ಈ ನಿಯಮವನ್ನು ನೋಡಿಕೊಂಡು ಬರುವುದಿಲ್ಲ. ಮೊದಲ ಬೈಟ್ ಕಮಾಂಡ್, ಆಮೇಲಿನ ನಾಲ್ಕು ಬೈಟ್ ಪ್ಯಾಕೆಟ್‌ನ ಉದ್ದ ಅಂತ ಇಟ್ಟುಕೊಳ್ಳಿ. ಬಫರ್ ಅಡ್ರೆಸ್‌ಗೆ 1 ಕೂಡಿಸಿ, ಯು32 (4 ಬೈಟ್ ಸಂಖ್ಯೆ) ಪಾಯಿಂಟರ್‌ಗೆ ಕಾಸ್ಟ್ ಮಾಡಿ, ನೇರವಾಗಿ ಓದುವ ಕೋಡ್ ಎಷ್ಟೋ ಡ್ರೈವರ್‌ಗಳಲ್ಲಿ ಸಿಗುತ್ತದೆ. ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿ ಇದು ಆರಾಮಾಗಿ ಓಡುತ್ತದೆ. ಟೆಸ್ಟ್ ಪಾಸ್, ರಿವ್ಯೂ ಪಾಸ್.

ಅದೇ ಕೋಡ್ ಬೇರೆ ಚಿಪ್‌ಗೆ ಹೋದಾಗ ಕಥೆ ಬೇರೆ. ಸ್ಪಾರ್ಕ್64ನಲ್ಲಿ ಟ್ರ್ಯಾಪ್ ಆಗುತ್ತದೆ, ಅಂದರೆ ಸಿಪಿಯು ಆ ಓದನ್ನು ನಿಲ್ಲಿಸಿ ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್ ಅದನ್ನು ತಾನೇ ನಿಭಾಯಿಸಿ, ಯಾವ ಫಂಕ್ಷನ್‌ನಲ್ಲಿ ಆಯಿತು ಅಂತ ಲಾಗ್‌ನಲ್ಲಿ ಬರೆಯುತ್ತದೆ. ಆರ್ಮ್‌ವಿ5ರಂಥ ಹಳೇ ಚಿಪ್‌ನಲ್ಲಿ ಟ್ರ್ಯಾಪ್ ಆನ್ ಇಲ್ಲದಿದ್ದರೆ ಇನ್ನೂ ಕಷ್ಟ, ಮೆಮೊರಿಯಿಂದ ಓದುವ ಎಲ್‌ಡಿಆರ್ ಇನ್‌ಸ್ಟ್ರಕ್ಷನ್ ಬೈಟ್‌ಗಳನ್ನು ತಿರುಗಿಸಿ ತಪ್ಪು ಸಂಖ್ಯೆ ಕೊಡುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಆರ್ಮ್‌ವಿ6ರಿಂದ ಮೇಲೆ ಒಂದೇ ವರ್ಡ್ ಓದಿದರೆ ಹಾರ್ಡ್‌ವೇರ್ ಸಹಿಸಿಕೊಳ್ಳುತ್ತದೆ, ಆದರೆ ಪಕ್ಕಪಕ್ಕದ ಎರಡು ವರ್ಡ್‌ಗಳನ್ನು ಕಂಪೈಲರ್ ಸೇರಿಸಿ ಎಲ್‌ಡಿಆರ್‌ಡಿ ಅಥವಾ ಎಲ್‌ಡಿಎಂ (ಒಂದೇ ಸಲ ಹಲವು ವರ್ಡ್ ಓದುವ ಇನ್‌ಸ್ಟ್ರಕ್ಷನ್) ಮಾಡಿಬಿಟ್ಟರೆ ಅದು ಫಾಲ್ಟ್ ಆಗುತ್ತದೆ. ಅಂದರೆ ನಿನ್ನೆಯವರೆಗೆ ಓಡುತ್ತಿದ್ದ ಡ್ರೈವರ್ ಕಂಪೈಲರ್ ಬದಲಾಯಿಸಿದ ದಿನ ಕೈಕೊಡಬಹುದು, ಸೋರ್ಸ್‌ನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ! ಇನ್ನು ಸೈಫೈವ್ ಯು74 ಕೋರ್ ಇರುವ ರಿಸ್ಕ್-ಫೈವ್ ಬೋರ್ಡ್‌ಗಳಲ್ಲಿ ಇಂಥ ಓದು ಟ್ರ್ಯಾಪ್ ಆಗಿ, ಸಾಫ್ಟ್‌ವೇರ್ ಅದನ್ನು ಎಮ್ಯುಲೇಟ್ ಮಾಡುತ್ತದೆ. ಉತ್ತರ ಸರಿಯಾಗೇ ಬರುತ್ತದೆ, ಆದರೆ ಬಹಳ ನಿಧಾನ. ಬೋರ್ಡ್ ಯಾಕೆ ಸ್ಲೋ ಅಂತ ಜನ ಬೇರೆ ಎಲ್ಲೆಲ್ಲೋ ಹುಡುಕುತ್ತಿರುತ್ತಾರೆ.

ಯೂಬಿಸ್ಯಾನ್‌ನ ದೊಡ್ಡ ಗುಣ ಇಲ್ಲೇ ಇರುವುದು. ಅದು ಹಾರ್ಡ್‌ವೇರ್ ದೂರಲಿ ಅಂತ ಕಾಯುವುದಿಲ್ಲ. ಪ್ರತಿ ಓದು, ಬರಹಕ್ಕೂ ಮುಂಚೆ ಕಂಪೈಲರ್ ಒಂದು ಸಣ್ಣ ಪರೀಕ್ಷೆ ಸೇರಿಸುತ್ತದೆ: ಈ ಅಡ್ರೆಸ್ ಈ ಟೈಪ್‌ಗೆ ಸರಿಯಾಗಿ ಅಲೈನ್ ಆಗಿದೆಯಾ ಅಂತ. ಹಾಗಾಗಿ ಬಗ್ ಎಕ್ಸ್86 ಲ್ಯಾಪ್‌ಟಾಪ್‌ನಲ್ಲೂ ಸಿಗುತ್ತದೆ, ಕ್ಯೂಇಎಂಯು ಅನ್ನೋ ಎಮ್ಯುಲೇಟರ್ ಒಳಗೂ ಸಿಗುತ್ತದೆ. ಬೋರ್ಡ್ ಕೈಗೆ ಬರುವ ಮೊದಲೇ ಸಿಗುತ್ತದೆ, ಬೇಕಾದದ್ದು ಅದೇ ಅಲ್ವಾ? ಜಿಸಿಸಿ ಆಗಲಿ ಕ್ಲ್ಯಾಂಗ್ ಆಗಲಿ, ಎರಡರಲ್ಲೂ ನಡೆಯುತ್ತದೆ. ಕರ್ನಲ್ ಆಯ್ಕೆಗಳ ಮೆನು ಆದ ಮೆನುಕಾನ್ಫಿಗ್‌ನಲ್ಲಿ ಕರ್ನಲ್ ಹ್ಯಾಕಿಂಗ್ ವಿಭಾಗದೊಳಗೆ ಹೋಗಿ ಆನ್ ಮಾಡಿಕೊಳ್ಳಬೇಕು.

ರಿಪೋರ್ಟ್ ಚೆನ್ನಾಗಿದೆ. ಫೈಲ್ ಹೆಸರು, ಸಾಲು, ಕಾಲಂ, ಯಾವ ಟೈಪ್, ಎಷ್ಟು ಬೈಟ್ ಅಲೈನ್‌ಮೆಂಟ್ ಬೇಕಿತ್ತು, ಕೆಳಗೆ ಕಾಲ್ ಟ್ರೇಸ್. ಒಂದು ಜಾಗದ ಬಗ್ಗೆ ಒಂದು ಬೂಟ್‌ಗೆ ಒಂದೇ ಸಲ ಹೇಳುತ್ತದೆ, ಆದ್ದರಿಂದ ಒಂದೇ ಸಾಲಿನ ಗೋಳು ಸಾವಿರ ಸಲ ಓದಬೇಕಾಗಿಲ್ಲ. ಪ್ಯಾನಿಕ್ ಆನ್ ವಾರ್ನ್ ಹಾಕಿದ್ದರೆ ಮಾತ್ರ ಮೊದಲ ರಿಪೋರ್ಟ್‌ಗೇ ಮೆಷಿನ್ ನಿಂತುಬಿಡುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.

ಆದರೆ ಒಂದು ವಿಷಯ ನನಗೆ ತುಂಬಾ ಕಿರಿಕಿರಿ. ರಿಪೋರ್ಟ್‌ನಲ್ಲಿ ತೋರಿಸುವ ಅಡ್ರೆಸ್ ನಿಜವಾದದ್ದಲ್ಲ, ಸುರಕ್ಷತೆಗಾಗಿ ಹ್ಯಾಶ್ ಮಾಡಿದ್ದು, ಅಂದರೆ ಬೇರೆ ಸಂಖ್ಯೆಯಾಗಿ ಮರೆಮಾಡಿದ್ದು. ಅಲೈನ್‌ಮೆಂಟ್ ಬಗ್‌ನಲ್ಲಿ ನಮಗೆ ಬೇಕಿರುವುದೇ ಅಡ್ರೆಸ್‌ನ ಕೊನೆಯ ಎರಡು ಮೂರು ಬಿಟ್! ಒಂದು ಬೈಟ್ ತಪ್ಪಿದೆಯೋ ಎರಡು ಬೈಟ್ ತಪ್ಪಿದೆಯೋ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಬೂಟ್ ಸಾಲಿನಲ್ಲಿ ನೋ_ಹ್ಯಾಶ್_ಪಾಯಿಂಟರ್ಸ್ ಅಂತ ಸೇರಿಸಿದರೆ ನಿಜವಾದ ಅಡ್ರೆಸ್ ಬರುತ್ತದೆ, 5.12ರಿಂದ ಈ ಸೌಲಭ್ಯ ಇದೆ. ಟೆಸ್ಟ್ ಮೆಷಿನ್‌ನಲ್ಲಿ ಮಾತ್ರ ಹಾಕಿ.

ಇನ್ನೊಂದು ತೊಂದರೆ ಗದ್ದಲ. ಎಕ್ಸ್86ನಲ್ಲಿ ಇಡೀ ಕರ್ನಲ್‌ಗೆ ಆನ್ ಮಾಡಿದರೆ ಲಾಗ್ ತುಂಬಿಹೋಗುತ್ತದೆ. ಇದಕ್ಕೆ ಕಾರಣವೂ ಇದೆ. ಈಥರ್ನೆಟ್ ಹೆಡರ್ 14 ಬೈಟ್, ಆದ್ದರಿಂದ ಅದರ ಹಿಂದೆಯೇ ಬರುವ ಐಪಿ ಹೆಡರ್ 4ರ ಗಡಿಯಿಂದ ಎರಡು ಬೈಟ್ ಆಚೆ ಬೀಳುತ್ತದೆ. ಬೇರೆ ಎಷ್ಟೋ ಆರ್ಕಿಟೆಕ್ಚರ್‌ಗಳಲ್ಲಿ ಬಫರ್ ಮುಂದೆ ಎರಡು ಬೈಟ್ ಖಾಲಿ ಬಿಟ್ಟು ಇದನ್ನು ಸರಿದೂಗಿಸುತ್ತಾರೆ, ನೆಟ್_ಐಪಿ_ಅಲೈನ್ ಅನ್ನೋದು ಅದೇ. ಎಕ್ಸ್86ನಲ್ಲಿ ಬೇಕೆಂದೇ ಅದನ್ನು 0 ಮಾಡಿದ್ದಾರೆ, ಏಕೆಂದರೆ ಅಲ್ಲಿ ತಪ್ಪಿದ ಓದು ಅಗ್ಗ, ತಪ್ಪಿದ ಡಿಎಂಎ (ಹಾರ್ಡ್‌ವೇರ್ ನೇರವಾಗಿ ಮೆಮೊರಿಗೆ ಬರೆಯುವುದು) ದುಬಾರಿ. ಇದು ಬಗ್ ಅಲ್ಲ. ಆದರೆ ಯೂಬಿಸ್ಯಾನ್‌ಗೆ ಈ ಒಪ್ಪಂದ ಗೊತ್ತಿಲ್ಲ, ನೆಟ್‌ವರ್ಕ್ ಕೋಡ್ ತುಂಬಾ ರಿಪೋರ್ಟ್ ಹಾಕುತ್ತದೆ. ನಾನು ಒಂದು ಸ್ಟಾರ್ ಕಳೆದಿರುವುದು ಇದಕ್ಕೆ.

ದಾರಿ ಇದೆ. ಯೂಬಿಸ್ಯಾನ್ ಆನ್ ಇಡಿ, ಅದರೊಳಗಿನ ಅಲೈನ್‌ಮೆಂಟ್ ಆಯ್ಕೆಯನ್ನು ಆಫ್ ಇಡಿ, ನಿಮ್ಮ ಡ್ರೈವರ್‌ನ ಮೇಕ್‌ಫೈಲ್‌ನಲ್ಲಿ ಸಿಸಿಫ್ಲ್ಯಾಗ್ಸ್ ಸಾಲಿಗೆ ಅಲೈನ್‌ಮೆಂಟ್ ಸ್ಯಾನಿಟೈಸರ್ ಫ್ಲ್ಯಾಗ್ ಸೇರಿಸಿ. ಆಗ ನಿಮ್ಮ ಕೋಡ್ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ. ನಿಜವಾದ ಬಗ್‌ಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಇಮೇಜ್ ಉಬ್ಬುವುದೂ ಕಡಿಮೆ.

ಏನು ಹಿಡಿಯುವುದಿಲ್ಲ ಅನ್ನೋದೂ ಗೊತ್ತಿರಬೇಕು. ಇನ್‌ಲೈನ್ ಅಸೆಂಬ್ಲಿ ಒಳಗೆ ನಡೆಯುವುದು ಅದಕ್ಕೆ ಕಾಣುವುದಿಲ್ಲ. ಆರ್ಮ್64ನಲ್ಲಿ ಡಿವೈಸ್ ಮೆಮೊರಿ ಮೇಲೆ ಸಾಮಾನ್ಯ ಮೆಮ್‌ಕಾಪಿ ಓಡಿಸಿದರೆ ಅಲೈನ್‌ಮೆಂಟ್ ಫಾಲ್ಟ್ ಬರಬಹುದು, ಅಲ್ಲಿ ಮೆಮ್‌ಕಾಪಿ_ಫ್ರಮ್‌ಐಓ ಮತ್ತು ಮೆಮ್‌ಕಾಪಿ_ಟುಐಓ ಬಳಸಬೇಕು. ಈ ಜಾತಿಯ ತಪ್ಪನ್ನು ಯೂಬಿಸ್ಯಾನ್ ಹೇಳುವುದಿಲ್ಲ. ಯು32 ಅರೇಯನ್ನು ಅನ್‌ಸೈನ್ಡ್ ಲಾಂಗ್ ಪಾಯಿಂಟರ್ ಮಾಡಿ ಸೆಟ್_ಬಿಟ್‌ಗೆ ಕೊಡುವುದು ಇನ್ನೊಂದು. ಎಕ್ಸ್86ನಲ್ಲಿ ಸೆಟ್_ಬಿಟ್ ಬಳಸುವ ಲಾಕ್ ಇರುವ ಇನ್‌ಸ್ಟ್ರಕ್ಷನ್ ಎರಡು ಕ್ಯಾಶ್ ಲೈನ್‌ಗಳ ನಡುವೆ ಬಿದ್ದರೆ ಸ್ಪ್ಲಿಟ್ ಲಾಕ್ ಆಗುತ್ತದೆ. ಇದನ್ನು ಹಿಡಿಯಲು ಲಿನಕ್ಸ್ 5.7ರಲ್ಲಿ ಬಂದ ಸ್ಪ್ಲಿಟ್ ಲಾಕ್ ಡಿಟೆಕ್ಟ್ ಇದೆ. ಸಿಪಿಯುನಲ್ಲಿ ಸೌಲಭ್ಯ ಇದ್ದು, ತಪ್ಪು ಕರ್ನಲ್ ಒಳಗೇ ನಡೆದರೆ ನೇರ ಊಪ್ಸ್, ಅಂದರೆ ಕರ್ನಲ್‌ನ ಗಂಭೀರ ಎರರ್.

ಈಗ ರಿಪೇರಿ ವಿಷಯ, ಏಕೆಂದರೆ ರಿಪೋರ್ಟ್ ಬಂದ ತಕ್ಷಣ ಜನ ಮಾಡುವ ಮೊದಲ ಕೆಲಸ ಇಡೀ ಸ್ಟ್ರಕ್ಟ್‌ಗೆ ಪ್ಯಾಕ್ಡ್ ಅಂತ ಹಾಕುವುದು. ದಯವಿಟ್ಟು ಬೇಡ. ಪ್ಯಾಕ್ಡ್ ಅಂದರೆ ಇದರ ಅಲೈನ್‌ಮೆಂಟ್ 1 ಅಂತ ಕಂಪೈಲರ್‌ಗೆ ಹೇಳಿದಂತೆ, ಕಟ್ಟುನಿಟ್ಟಿನ ಆರ್ಕಿಟೆಕ್ಚರ್‌ಗಳಲ್ಲಿ ಆ ಸ್ಟ್ರಕ್ಟ್‌ನ ಪ್ರತಿ ಫೀಲ್ಡ್ ಅನ್ನೂ ಅದು ಬೈಟ್ ಬೈಟ್ ಆಗಿ ಓದುತ್ತದೆ, ಸರಿಯಾಗಿದ್ದ ಫೀಲ್ಡ್‌ಗಳೂ ಸೇರಿ. ಜೊತೆಗೆ ಪ್ಯಾಕ್ಡ್ ಒಳಗಿನ ಫೀಲ್ಡ್‌ನ ಅಡ್ರೆಸ್ ತೆಗೆದು ಬೇರೆ ಫಂಕ್ಷನ್‌ಗೆ ಕೊಟ್ಟರೆ ಆ ಮಾಹಿತಿ ಕಳೆದುಹೋಗಿ ಬಗ್ ಮತ್ತೆ ಅಲ್ಲಿ ತಲೆ ಎತ್ತುತ್ತದೆ. ಜಿಸಿಸಿ 9ರಿಂದ ಇದಕ್ಕೊಂದು ಎಚ್ಚರಿಕೆ ಇದೆ, ಆದರೆ ಕರ್ನಲ್ ಬಿಲ್ಡ್‌ನಲ್ಲಿ ಅದು ಸಾಮಾನ್ಯವಾಗಿ ಆಫ್.

ಮೇಲಿನ ಉದಾಹರಣೆಗೆ ಸರಿಯಾದ ಮದ್ದು ಕರ್ನಲ್‌ನಲ್ಲೇ ಇರುವ ಫಂಕ್ಷನ್ ಗೆಟ್_ಅನ್‌ಅಲೈನ್ಡ್_ಎಲ್‌ಇ32. ಒಂದೇ ಸಾಲು. ಅಲೈನ್‌ಮೆಂಟ್ ಜೊತೆ ಬೈಟ್‌ಗಳ ಕ್ರಮವನ್ನೂ ಸರಿ ಮಾಡುತ್ತದೆ, ಎಕ್ಸ್86ನಲ್ಲಿ ಮಾಮೂಲಿ ಒಂದು ಓದು ಆಗಿಯೇ ಕಂಪೈಲ್ ಆಗುತ್ತದೆ, ಹಾಗಾಗಿ ವೇಗ ಹೋಯಿತು ಅಂತ ಚಿಂತೆ ಬೇಡ. 6.12ರಿಂದ ಇದರ ಹೆಡರ್ ಫೈಲ್ ಎಎಸ್‌ಎಂ ಫೋಲ್ಡರ್‌ನಿಂದ ಲಿನಕ್ಸ್ ಫೋಲ್ಡರ್‌ಗೆ ಬಂದಿದೆ, ಹಳೇ ಡ್ರೈವರ್ ತರುವವರು ಗಮನಿಸಿ. ಸ್ಟ್ರಕ್ಟ್ ನಮ್ಮದೇ ಆಗಿದ್ದರೆ, ಅಂದರೆ ಹಾರ್ಡ್‌ವೇರ್ ಹೇಳಿದ ಆಕಾರ ಅಲ್ಲದಿದ್ದರೆ, ಫೀಲ್ಡ್‌ಗಳ ಜಾಗ ಬದಲಾಯಿಸುವುದೇ ಒಳ್ಳೆಯದು. ಮೆಮ್‌ಕಾಪಿಯೂ ಆಗಬಹುದು, ಆದರೆ ಪಾಯಿಂಟರ್ ಮೊದಲಿನಿಂದಲೂ ಯು8 ಆಗಿರಲಿ. ಒಮ್ಮೆ ಯು32ಗೆ ಕಾಸ್ಟ್ ಮಾಡಿದ ಮೇಲೆ ಅದು ಅಲೈನ್ ಆಗಿದೆ ಎಂದು ಕಂಪೈಲರ್ ನಂಬುವ ಹಕ್ಕು ಪಡೆಯುತ್ತದೆ.

ಕೈಯಲ್ಲಿ 32 ಬಿಟ್ ಆರ್ಮ್ ಬೋರ್ಡ್ ಇರುವವರು ಯೂಬಿಸ್ಯಾನ್ ಜೊತೆಗೆ ಪ್ರೋಕ್ ಕೆಳಗಿನ ಸಿಪಿಯು ಫೋಲ್ಡರ್‌ನಲ್ಲಿ ಅಲೈನ್‌ಮೆಂಟ್ ಅನ್ನೋ ಫೈಲ್ ಇದೆಯಾ ನೋಡಿ. ಅದರಲ್ಲಿ ಸಿಸ್ಟಂ ಅಂತ ಒಂದು ಸಾಲು ಇರುತ್ತದೆ. ಕರ್ನಲ್ ಒಳಗೆ ಎಷ್ಟು ಫಾಲ್ಟ್ ಆಯಿತು ಅನ್ನೋ ಎಣಿಕೆ, ಪಕ್ಕದಲ್ಲೇ ಕೊನೆಯ ಫಾಲ್ಟ್ ಯಾವ ಫಂಕ್ಷನ್‌ನಲ್ಲಿ ಆಯಿತು ಅನ್ನೋ ಹೆಸರು. ಡ್ರೈವರ್‌ಗೆ ಲೋಡ್ ಕೊಟ್ಟು ಆ ಸಂಖ್ಯೆ ಏರುತ್ತಾ ಹೋದರೆ, ಆ ಫಂಕ್ಷನ್‌ನಿಂದಲೇ ಹುಡುಕಲು ಶುರು ಮಾಡಿ.