ಜೇಬಿಗೊಂದು ಚಾಕು: ನಾಲ್ಕನ್ನು ಬಳಸಿ ನೋಡಿದ ಮೇಲೆ

ವಾರದಲ್ಲಿ ಐದು ದಿನ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಉಳಿದೆರಡು ದಿನ ಊರಲ್ಲಿ, ತೆಂಗು, ಬಾಳೆ, ಒಂದಿಷ್ಟು ಕಬ್ಬು. ಎರಡೂ ಕಡೆಗೆ ಆಗುವಂಥ ಒಂದೇ ಚಾಕು ಜೇಬಲ್ಲಿ ಇರಬೇಕು ಅನ್ನೋದು ನನ್ನ ಆಸೆ. ಮನೆಯಲ್ಲಿ ಮಚ್ಚು, ಕುಡುಗೋಲು, ಈಳಿಗೆಮಣೆ ಎಲ್ಲ ಇವೆ, ಆದರೆ ತೋಟದ ಆ ಕೊನೆಯಲ್ಲಿ ಡ್ರಿಪ್ ಪೈಪು ಬಿಚ್ಚಿಕೊಂಡಾಗ ಅವು ಯಾವುದೂ ಕೈಗೆ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಹೋದ ಮಳೆಗಾಲದಿಂದ ಶುರುಮಾಡಿ ಒಂದು ವರ್ಷ, ಒಂದಾದ ಮೇಲೊಂದು ನಾಲ್ಕು ಚಾಕು ಜೇಬಲ್ಲಿಟ್ಟುಕೊಂಡು ಓಡಾಡಿದೆ.

ಮೊದಲನೆಯದು ಸಂತೆಯಲ್ಲಿ ತಗೊಂಡ ಮಡಚುವ ಚಾಕು. 120 ರೂಪಾಯಿ. ತಗಡಿನ ಹಿಡಿ, ತೆಳ್ಳಗಿನ ಅಲಗು. ಕೊಯ್ಯುವುದೇನೋ ಚೆನ್ನಾಗೇ ಕೊಯ್ಯುತ್ತಿತ್ತು. ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಹರಿತ ಬರುತ್ತಿತ್ತು, ಅಷ್ಟೇ ಬೇಗ ಮೊಂಡೂ ಆಗುತ್ತಿತ್ತು. ತೊಂದರೆ ಇದ್ದದ್ದು ರಿವಿಟ್ಟಿನಲ್ಲಿ. ಎರಡು ತಿಂಗಳಿಗೇ ಸಡಿಲವಾಗಿ ಅಲಗು ಅತ್ತಿತ್ತ ಅಲ್ಲಾಡತೊಡಗಿತು. ಒಂದು ದಿನ ಗೊಬ್ಬರದ ಚೀಲದ ಹೊಲಿಗೆಗೆ ಮೊನೆ ಚುಚ್ಚಿದೆ ನೋಡಿ, ಅಲಗು ಹಿಂದಕ್ಕೆ ಮಡಚಿಕೊಂಡು ನೇರ ತೋರುಬೆರಳಿನ ಮೇಲೆ ಬಂತು. ಮೂರು ಹೊಲಿಗೆ ಬಿತ್ತು. "ಇನ್ನೊಂದ್ ಸಲ ಇದು ಮನೇಲಿ ಕಾಣಬಾರ್ದು ಕಣಪ್ಪ" ಅಂದಳು ಅವ್ವ.

ಬೆರಳು ಕೊಯ್ದುಕೊಂಡ ಮೇಲೆ ಲಾಕ್ ಇರುವುದೇ ಬೇಕು ಅಂತ ಹಟಕ್ಕೆ ಬಿದ್ದೆ. ಆನ್‌ಲೈನಲ್ಲಿ ಒಂದು ಕಪ್ಪು ಚಾಕು ತರಿಸಿದೆ, ಅಲಗೂ ಕಪ್ಪು, ಹಿಡಿಯೂ ಕಪ್ಪು. ಬಿಚ್ಚಿದರೆ ಒಳಗಿನ ತಗಡು ಅಡ್ಡ ಬಂದು ಅಲಗನ್ನು ಗಟ್ಟಿಯಾಗಿ ಹಿಡಿಯುತ್ತದೆ. ಲಾಕಿನ ಬಗ್ಗೆ ದೂರಿಲ್ಲ. ಆದರೆ ವರ್ನಿಯರ್ ಇಟ್ಟು ಅಳೆದರೆ ಅಲಗಿನ ಬೆನ್ನು ಮೂರೂವರೆ ಮಿಲಿಮೀಟರ್ ದಪ್ಪ! ಇದರಲ್ಲಿ ಸೀಬೆಹಣ್ಣು ಕೊಯ್ಯಲು ಹೋದರೆ ಅಲಗಿನ ಹರಿತದ ಬಾಯಿ ಒಳಗೆ ಇಳಿಯುತ್ತದೆ, ಅರ್ಧಕ್ಕೆ ಬರುವಷ್ಟರಲ್ಲಿ ದಪ್ಪ ಬೆನ್ನು ಸಿಕ್ಕಿಕೊಂಡು ಹಣ್ಣು ಟಪ್ ಅಂತ ಸೀಳಿಹೋಗುತ್ತದೆ. ಅದು ಕೊಯ್ಯುವುದಲ್ಲ, ಸೌದೆ ಒಡೆಯುವುದು. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ರೈಲಲ್ಲಿ ಅದನ್ನು ಬಿಚ್ಚಿದಾಗ ಎದುರಿಗೆ ಕೂತಿದ್ದ ಅಜ್ಜಿ ಮೊಮ್ಮಗಳನ್ನು ತನ್ನ ಕಡೆಗೆ ಎಳೆದುಕೊಂಡರು. ನಾನು ಸುಮ್ನೆ ಮಡಚಿ ಒಳಗಿಟ್ಟೆ. ಆ ಚಾಕು ಅವತ್ತಿಂದ ಜೇಬಿಗೆ ಬರಲಿಲ್ಲ.

ಉಳಿದಿದ್ದು ಎರಡು. ನಿಜವಾದ ಪೈಪೋಟಿ ಇವೆರಡರ ಮಧ್ಯೆಯೇ.

ಒಂದು ಒಪಿನೆಲ್, ನಂಬರ್ 8. ಫ್ರಾನ್ಸಿನ ಸವಾಯ್ ಅನ್ನೋ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಅನ್ನುವವರು 1890ರಲ್ಲಿ ಮಾಡಿದ ಚಾಕು, ರೈತಾಪಿ ಜನರ ಜೇಬಿಗೆ ಅಂತಲೇ ಹುಟ್ಟಿದ್ದು. ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು. ಹಿಡಿಯ ತುದಿಯಲ್ಲಿ ಒಂದು ಉಕ್ಕಿನ ಬಳೆ, ಅದನ್ನು ತಿರುಗಿಸಿದರೆ ಅಲಗು ಮಡಚುವುದಿಲ್ಲ. ಈ ಬಳೆ ಸೇರಿದ್ದು 1955ರಲ್ಲಿ. ನಾನು ತಗೊಂಡಿದ್ದು ಕಾರ್ಬನ್ ಉಕ್ಕಿನದು, ಸ್ಟೇನ್‌ಲೆಸ್ ಅಲ್ಲ.

ಇನ್ನೊಂದು ಎಲ್ಲರಿಗೂ ಗೊತ್ತಿರುವ ಕೆಂಪು ಹಿಡಿಯ ಸ್ವಿಸ್ ಚಾಕು, ವಿಕ್ಟೋರಿನಾಕ್ಸ್ ಸ್ಪಾರ್ಟನ್. ಮಡಚಿದರೆ 91 ಮಿಲಿಮೀಟರ್. ಈ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ ಆಫೀಸರ್ ಚಾಕು ಅಂತ 1897ರಲ್ಲಿ ನೋಂದಾಯಿಸಿದ್ದರ ವಂಶವೇ ಇದು. ದೊಡ್ಡ ಅಲಗು, ಚಿಕ್ಕ ಅಲಗು, ಡಬ್ಬಿ ತೆಗೆಯುವುದು, ಬಾಟಲಿ ತೆಗೆಯುವುದು, ದಬ್ಬಳ, ಬಿರಡೆ ತೆಗೆಯುವ ಸುರುಳಿ, ಜೊತೆಗೆ ಹಿಡಿಯೊಳಗೆ ಒಂದು ಚಿಮುಟ ಮತ್ತು ಹಲ್ಲುಕಡ್ಡಿ. ಅಲಗಿಗೆ ಲಾಕ್ ಇಲ್ಲ.

ಬರೀ ಕೊಯ್ಯುವುದನ್ನೇ ನೋಡಿದರೆ ಒಪಿನೆಲ್ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಅಲಗು ಎರಡು ಮಿಲಿಮೀಟರಿಗೂ ತೆಳು, ಬೆನ್ನಿಂದ ಬಾಯಿವರೆಗೆ ಸಣ್ಣಗೆ ಇಳಿದುಬರುತ್ತದೆ. ಡ್ರಿಪ್ಪಿನ 16 ಎಂಎಂ ಪೈಪನ್ನು ಹೆಬ್ಬೆರಳ ಕೆಳಗಿಟ್ಟು ಒಂದೇ ಎಳೆತಕ್ಕೆ ಕೊಯ್ದರೆ ಬಾಯಿ ಗುಂಡಗೆ, ನೇರಕ್ಕೆ ಬರುತ್ತದೆ. ಇದು ಸಣ್ಣ ವಿಷಯ ಅಲ್ಲ. ಓರೆಯಾಗಿ ಕೊಯ್ದ ಪೈಪು ಜಾಯಿಂಟಿಗೆ ಸರಿಯಾಗಿ ಕೂರದೆ ರಾತ್ರಿಯೆಲ್ಲ ನೀರು ಸುರಿಯುತ್ತದೆ. ಅವ್ವನಿಗೆ ಹಲ್ಲು ಉಳಿದಿಲ್ಲ, ಕಬ್ಬಿನ ಆಸೆ ಮಾತ್ರ ಹಾಗೇ ಇದೆ. ಗೆಣ್ಣು ಬಿಟ್ಟು ಎರಡು ಗೆಣ್ಣಿನ ನಡುವೆ ಸಿಪ್ಪೆ ಹೆರೆದು, ಒಳಗಿನದನ್ನು ಬೆರಳುಗುರಿನಷ್ಟು ತೆಳ್ಳಗೆ ಬಿಲ್ಲೆ ಮಾಡಿ ಕೊಟ್ಟರೆ ಬಾಯಲ್ಲಿಟ್ಟು ಅದುಮಿ ರಸ ಕುಡಿಯುತ್ತಾಳೆ. ಆ ಬಿಲ್ಲೆ ಮಾಡುವುದರಲ್ಲಿ ಒಪಿನೆಲ್ಲಿಗೆ ಸಮ ಇಲ್ಲ. ಸ್ಪಾರ್ಟನ್‌ನಲ್ಲೂ ಆಗುತ್ತದೆ, ಕೈ ಸ್ವಲ್ಪ ಜಾಸ್ತಿ ಒತ್ತಬೇಕು ಅಷ್ಟೇ.

ಆದರೆ ಕಾರ್ಬನ್ ಉಕ್ಕಿಗೆ ಆರೈಕೆ ಬೇಕು. ನಿಂಬೆಹಣ್ಣು ಕೊಯ್ದ ಹತ್ತು ನಿಮಿಷಕ್ಕೆ ಅಲಗು ಬೂದಿಬಣ್ಣಕ್ಕೆ ತಿರುಗಿತು, ಮಾವಿನಕಾಯಿಗೆ ನೀಲಿ ಕಪ್ಪು. ಈ ಬಣ್ಣದಿಂದ ಕೆಡುಕಿಲ್ಲ, ಒಂದು ಪದರ ಕೂತ ಮೇಲೆ ಕೆಂಪು ತುಕ್ಕು ಹಿಡಿಯುವುದೂ ಕಡಿಮೆ. ಹೊಸದರಲ್ಲಿ ಮಾತ್ರ ಹಣ್ಣಿಗೆ ಕಬ್ಬಿಣದ ವಾಸನೆ ಹತ್ತುತ್ತದೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಇನ್ನು ಮರದ ಹಿಡಿ. ಮರ ಯಾವುದಾದರೂ ನೀರು ಕುಡಿದರೆ ಊದಿಕೊಳ್ಳುತ್ತದೆ, ಅಲಗು ಬಿಗಿಯಾಗುತ್ತದೆ. ಜುಲೈ ಮಳೆಯಲ್ಲಿ ನೆನೆದ ಪ್ಯಾಂಟಿನಲ್ಲೇ ಅದನ್ನು ರಾತ್ರಿ ಬಿಟ್ಟಿದ್ದು ನನ್ನ ತಪ್ಪು, ಬೆಳಿಗ್ಗೆ ಬಿಚ್ಚಲು ಉಗುರು ಸಾಲಲಿಲ್ಲ. ನೆರಳಲ್ಲಿ ಎರಡು ದಿನ ಒಣಗಿಸಿದ ಮೇಲೆ ಸರಿಹೋಯಿತು.

ಸ್ಪಾರ್ಟನ್ ಗೆದ್ದದ್ದು ನಾನು ಅಂದುಕೊಳ್ಳದ ಕಡೆಯಲ್ಲಿ. ಬಿರಡೆ ತೆಗೆಯುವ ಸುರುಳಿ ನಮಗೆ ಯಾಕೆ ಅಂತ ತಗೊಳ್ಳುವಾಗ ಅನ್ನಿಸಿತ್ತು. ಒಂದು ಸಂಜೆ ಹಸು ಜಗ್ಗಿ ಜಗ್ಗಿ ಹಗ್ಗದ ಗಂಟು ಮಳೆಗೆ ನೆನೆದು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹೊಸ ಹಗ್ಗ, ಕೊಯ್ಯಲು ಮನಸ್ಸಿಲ್ಲ. ಸುರುಳಿಯ ಮೊನೆಯನ್ನು ಗಂಟಿನ ಮಡಿಕೆಯೊಳಗೆ ತೂರಿಸಿ ನಿಧಾನಕ್ಕೆ ತಿರುಗಿಸಿ ಎಳೆದೆ, ಒಂದು ಎಳೆ ಸಡಿಲವಾಯಿತು, ಆಮೇಲೆ ಗಂಟೆಲ್ಲ ಬಿಚ್ಚಿಕೊಂಡಿತು. ಜಾಲಿ ಮುಳ್ಳು ಕಾಲಲ್ಲಿ ಮುರಿದಾಗ ಆ ಚಿಮುಟ ಬಂದ ಹಾಗೆ ಇನ್ಯಾವುದೂ ಬರಲಿಲ್ಲ. ಆಫೀಸಿನಲ್ಲಿ ಪಾರ್ಸಲ್ ಟೇಪು ಕೊಯ್ಯಲು ತೆಗೆದರೆ ಯಾರೂ ಬೆಚ್ಚುವುದಿಲ್ಲ, "ಅಣ್ಣಾ, ಸ್ವಲ್ಪ ಕೊಡಿ" ಅಂತ ಕೈಚಾಚುತ್ತಾರೆ. ಲಾಕ್ ಇಲ್ಲ ಅನ್ನೋದು ಈಗಲೂ ನೆನಪಲ್ಲಿ ಇಟ್ಟುಕೊಂಡೇ ಬಳಸುತ್ತೇನೆ. ಚುಚ್ಚುವ ಕೆಲಸಕ್ಕೆ ಹಾಕುವುದೇ ಇಲ್ಲ. ಚೀಲದ ಹೊಲಿಗೆಯಾದರೂ ದಾರದ ಅಡಿಗೆ ಬಾಯಿ ಕೊಟ್ಟು ನನ್ನಿಂದ ಆಚೆಗೆ ಎಳೆಯುತ್ತೇನೆ.

ಮಸೆಯುವ ವಿಷಯದಲ್ಲಿ ಎರಡೂ ಸುಲಭ. ವಿಕ್ಟೋರಿನಾಕ್ಸಿನ ಉಕ್ಕು ತೀರಾ ಗಡುಸಲ್ಲ, ಅದೇ ಅದರ ಗುಣ. ವಾರಕ್ಕೊಮ್ಮೆ ಪಿಂಗಾಣಿ ಬಟ್ಟಲನ್ನು ಮಗುಚಿ, ತಳದ ಹೊಳಪಿಲ್ಲದ ಅಂಚಿಗೆ ಏಳೆಂಟು ಸಲ ಎಳೆದರೆ ಪೇಪರ್ ಸರಾಗವಾಗಿ ಕೊಯ್ಯುತ್ತದೆ. ಕಲ್ಲಿನ ಮೇಲಾದರೆ ಒಂದೊಂದು ಕಡೆಗೆ 15ರಿಂದ 20 ಡಿಗ್ರಿ ಓರೆ ಇರಲಿ. ಕಣ್ಣಳತೆ ಸಿಗದಿದ್ದರೆ ಎರಡು ಮೂರು ಒಂದು ರೂಪಾಯಿ ನಾಣ್ಯ ಪೇರಿಸಿ, ಅಷ್ಟು ಎತ್ತರಕ್ಕೆ ಅಲಗಿನ ಬೆನ್ನು ಎತ್ತಿ ಹಿಡಿಯಿರಿ.

ಕಾನೂನಿನ ಬಗ್ಗೆ ಕೇಳುವವರು ಇದ್ದಾರೆ. ಆಯುಧ ನಿಯಮಗಳು ಹರಿತದ ಆಯುಧಗಳಿಗೆ ಹೇಳುವ ಅಳತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಇವೆರಡರ ಅಲಗು ನಾಲ್ಕು ಇಂಚೂ ಇಲ್ಲ. ಆದರೂ ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ತಪಾಸಣೆ ಇರುವ ಕಡೆ ಹೋಗುವ ದಿನ ಮನೆಯಲ್ಲೇ ಬಿಟ್ಟು ಹೋಗಿ.

ಈಗ ಜೇಬಲ್ಲಿರುವುದು ಸ್ಪಾರ್ಟನ್. ಒಪಿನೆಲ್ ಮನೆಯಲ್ಲಿ, ಅವ್ವನ ಎಲೆ ಅಡಿಕೆ ತಟ್ಟೆಯಲ್ಲಿದೆ. ವೀಳ್ಯದೆಲೆಯ ತೊಟ್ಟು ಕೊಯ್ಯಲು ಅದೇ ಬೇಕಂತೆ. ಬಳೆ ತಿರುಗಿಸಿ ಲಾಕ್ ಮಾಡುವುದನ್ನು ಒಂದು ಸಲ ತೋರಿಸಿಕೊಟ್ಟಿದ್ದೆ, ಈಗ ನನಗಿಂತ ಬೇಗ ಮಾಡುತ್ತಾಳೆ.