ನಾಲ್ಕೂವರೆ ವರ್ಷ ಬಳಸಿದ ಓಬಿಡಿ ಸ್ಕ್ಯಾನರ್: ಗೇರ್ ಸ್ವಿಚ್ಚಿನ ದೋಷ ಹಿಡಿದ ಬಗೆ

ಬೆಂಕಿಪೊಟ್ಟಣದಷ್ಟು ದೊಡ್ಡದಾದ ಈ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಸಾಕೆಟ್ಟಿಗೆ ಚುಚ್ಚಿ, ಅದು ತಾನೇ ದಾಖಲಿಸಿದ ದೋಷಗಳನ್ನು ಮೊಬೈಲಿನಲ್ಲಿ ಓದುವ ಸಾಧನ) ಕೊಂಡು ನಾಲ್ಕೂವರೆ ವರ್ಷವಾಯಿತು. ಮೊದಲ ಮೂರು ವರ್ಷ ಕೂಲಂಟ್ ತಾಪಮಾನವನ್ನೂ ಬ್ಯಾಟರಿ ವೋಲ್ಟೇಜನ್ನೂ ನೋಡಿ ಸಮಾಧಾನಪಡುವುದಕ್ಕಷ್ಟೇ ಇದು ಬಳಕೆಯಾಗಿತ್ತು. ಕಳೆದ ಜುಲೈನಲ್ಲಿ, ಸಾಗರದಲ್ಲಿ ಮಳೆ ಜಡಿ ಹಿಡಿದಿದ್ದಾಗ, ನನ್ನ 2016ರ ಆಟೋಮ್ಯಾಟಿಕ್ ಕಾರು ಬೆಳಗಿನ ಹೊತ್ತು ಹಟ ಹಿಡಿಯತೊಡಗಿದ ಮೇಲೆ ಇದಕ್ಕೆ ನಿಜವಾದ ಕೆಲಸ ಬಂತು.

ಗೇರ್ ಲಿವರ್ ‘ಪಿ’ಯಲ್ಲಿದ್ದಾಗ (ಪಾರ್ಕಿಂಗ್) ಕೀಲಿ ತಿರುಗಿಸಿದರೆ ಮೀಟರಿನ ದೀಪಗಳೆಲ್ಲ ಹತ್ತುತ್ತಿದ್ದವು, ಆದರೆ ಸೆಲ್ಫ್ ‘ಟಿಕ್’ ಎಂದು ಕೂಡ ಸದ್ದು ಮಾಡುತ್ತಿರಲಿಲ್ಲ. ಬ್ರೇಕ್ ಒತ್ತಿ ‘ಎನ್’ಗೆ (ನ್ಯೂಟ್ರಲ್) ತಂದರೆ ಒಂದೇ ಸಲಕ್ಕೆ ಎಂಜಿನ್ ಚಾಲೂ ಆಗುತ್ತಿತ್ತು. ಗ್ಯಾರೇಜಿನವರು ಮೊದಲು ಹೊಸ ಬ್ಯಾಟರಿ ಹಾಕಿಸಿದರು, ಎರಡನೆಯ ಸಲ ಸೆಲ್ಫ್ ಮೋಟರ್ ಬಿಚ್ಚಿ ನೋಡಿದರು, ಮೂರನೆಯ ಸಲ ಗೇರ್‌ಬಾಕ್ಸನ್ನೇ ಇಳಿಸಬೇಕೆಂದರು. ‘ಎನ್’ನಲ್ಲಿ ಸರಾಗವಾಗಿ ತಿರುಗುವ ಸೆಲ್ಫ್ ಮೋಟರಿನ ಮೇಲೆ ಅನುಮಾನಪಡುವುದಕ್ಕೆ ಕಾರಣವೇ ಇರಲಿಲ್ಲ ಎಂಬುದು ಆಗ ನನಗೂ ಹೊಳೆಯಲಿಲ್ಲ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೊರಮೈಯಲ್ಲಿ, ಲಿವರಿನಿಂದ ಬರುವ ಕೇಬಲ್ ಜೋಡಣೆಯಾಗುವ ದಂಡದ ಮೇಲೆ, ಅಂಗೈ ಅಗಲದ ಒಂದು ಸ್ವಿಚ್ ಕೂತಿರುತ್ತದೆ. ಲಿವರ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಗೇರ್‌ಬಾಕ್ಸಿನ ಪುಟ್ಟ ಕಂಪ್ಯೂಟರಾದ ಕಂಟ್ರೋಲ್ ಯೂನಿಟ್‌ಗೆ ತಿಳಿಸುವುದು, ‘ಆರ್’ನಲ್ಲಿ (ರಿವರ್ಸ್) ಹಿಂದಿನ ದೀಪ ಹತ್ತಿಸುವುದು, ‘ಪಿ’ ಮತ್ತು ‘ಎನ್’ ಬಿಟ್ಟು ಬೇರೆಲ್ಲಿಯೂ ಸೆಲ್ಫ್ ತಿರುಗದಂತೆ ತಡೆಯುವುದು ಇದರ ಕೆಲಸ. ಯಾವ ಸ್ಥಾನದ ಸಂಕೇತವೂ ಬಾರದಿದ್ದರೆ ಅಥವಾ ಎರಡು ಸ್ಥಾನಗಳ ಸಂಕೇತ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಪಿ0705 ಎಂಬ ದೋಷದ ಕೋಡ್ ದಾಖಲಾಗುತ್ತದೆ.

ಸ್ಕ್ಯಾನರ್ ಮೊದಲು ನನ್ನನ್ನು ದಾರಿ ತಪ್ಪಿಸಿತೆಂದೇ ಹೇಳಬೇಕು. ಉಚಿತ ಆ್ಯಪ್ ಎಂಜಿನ್ನಿನ ಇಸಿಯುವನ್ನಷ್ಟೇ (ಎಂಜಿನ್ನಿನ ಕಂಟ್ರೋಲ್ ಯೂನಿಟ್) ಓದಿ, ದೋಷವೇನೂ ಇಲ್ಲವೆಂದು ತೋರಿಸಿತು. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟನ್ನೂ ಓದಬಲ್ಲ ಆ್ಯಪ್ ಅನ್ನು ದುಡ್ಡು ಕೊಟ್ಟು ಹಾಕಿಕೊಂಡ ಮೇಲೆ ಅಲ್ಲಿ ಪಿ0705 ಕಂಡಿತು. ಆದರೂ ಕೋಡ್ ಹೇಳುವುದು ಆ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂದಷ್ಟೇ. ಸ್ವಿಚ್, ವೈರು, ಕನೆಕ್ಟರ್, ಕೇಬಲ್ ಇವುಗಳಲ್ಲಿ ಯಾವುದು ಎಂದಲ್ಲ. ಸುಳಿವು ಸಿಕ್ಕಿದ್ದು ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಸಂಕೇತಗಳನ್ನು ತೋರಿಸುವ ಪರದೆಯಲ್ಲಿ. ಎಂಜಿನ್ ಚಾಲೂ ಮಾಡದೆ, ಕೀಲಿಯನ್ನು ಮಾತ್ರ ಆನ್ ಇಟ್ಟು, ಲಿವರನ್ನು ಒಂದೊಂದೇ ಸ್ಥಾನಕ್ಕೆ ಸರಿಸುತ್ತಾ ಹೋದಾಗ ‘ಆರ್’, ‘ಎನ್’, ‘ಡಿ’ (ಡ್ರೈವ್) ಮೂರೂ ಸ್ಥಿರವಾಗಿ ಕಂಡವು, ‘ಪಿ’ ಮಾತ್ರ ಮೂಡಿ ಮಾಯವಾಗುತ್ತಿತ್ತು. ಕೇಬಲ್ ಹೊಂದಾಣಿಕೆ ತಪ್ಪಿದ್ದರೆ ಎಲ್ಲ ಸ್ಥಾನಗಳೂ ಒಂದಿಷ್ಟು ಆಚೀಚೆ ಆಗಬೇಕಿತ್ತು.

ಬ್ಯಾಟರಿ ಮತ್ತು ಅದರ ತಟ್ಟೆಯನ್ನು ತೆಗೆದು ಸ್ವಿಚ್ಚಿನ ಕನೆಕ್ಟರ್ ಬಿಚ್ಚಿದೆ. ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದ ಮೇಲೆ ಎರಡು ವಾರ ಕಾರು ಸುಮ್ಮನಿತ್ತು, ಬಳಿಕ ಮತ್ತೆ ಅದೇ ಹಾಡು. ಎರಡನೆಯ ಸಲ ಮಲ್ಟಿಮೀಟರ್ ಹಿಡಿದೆ. ಸೆಲ್ಫಿಗೆ ಸಂಬಂಧಿಸಿದ ಎರಡು ಪಿನ್ನುಗಳ ನಡುವೆ ‘ಎನ್’ನಲ್ಲಿ 0.4 ಓಮ್ ಕದಲದೆ ನಿಂತಿತು, ಅಂದರೆ ಸಂಪರ್ಕ ಚೆನ್ನಾಗಿತ್ತು. ‘ಪಿ’ಯಲ್ಲಿ ಅಂಕಿ 30ರಿಂದ ನೂರಾರಕ್ಕೆ ಜಿಗಿಯುತ್ತಿತ್ತು, ಸ್ವಿಚ್ಚಿನ ಮೈಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲನೆ ತಟ್ಟಿದರೆ ಸರ್ಕ್ಯೂಟ್ ಪೂರ್ತಿ ಕಡಿದುಹೋಗುತ್ತಿತ್ತು. ವೈರಿಂಗ್ ಬಿಚ್ಚಿಟ್ಟು ಅಳೆದದ್ದರಿಂದ ತಪ್ಪು ಸ್ವಿಚ್ಚಿನ ಒಳಗೇ ಇದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಹೊಸ ಸ್ವಿಚ್ ಕೂರಿಸುವಾಗ ಲಿವರನ್ನು ‘ಎನ್’ನಲ್ಲಿಟ್ಟು, ಗುರುತುಗಳೆರಡೂ ಒಂದೇ ಗೆರೆಗೆ ಬರುವಂತೆ ಹೊಂದಿಸಿ ಬೋಲ್ಟ್ ಬಿಗಿಗೊಳಿಸಬೇಕಾಯಿತು. ಗೇರ್‌ಬಾಕ್ಸ್ ಇಳಿಸುವ ಮಾತೇ ಬರಲಿಲ್ಲ. ಹಳೆಯದನ್ನು ಕುತೂಹಲಕ್ಕೆಂದು ಒಡೆದು ನೋಡಿದರೆ ಒಳಗಿನ ಗ್ರೀಸ್ ಕಾಡಿಗೆಯಾಗಿತ್ತು, ‘ಪಿ’ ಇರುವಲ್ಲಿ ತಾಮ್ರದ ಪಟ್ಟಿ ಸವೆದು ಗೀರು ಬಿದ್ದಿತ್ತು. ಕೋಡ್ ಅಳಿಸಿದ ನಂತರ ಇದುವರೆಗೆ ಮರಳಿಲ್ಲ.

ಸ್ಕ್ಯಾನರಿನ ಬಗ್ಗೆ ದೂರುಗಳೂ ಇವೆ. ಓಬಿಡಿ ಸಾಕೆಟ್ಟಿನ 16ನೆಯ ಪಿನ್ನಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುವುದರಿಂದ, ಇದನ್ನು ಚುಚ್ಚಿಟ್ಟೇ ಹತ್ತು ದಿನ ಊರಿಗೆ ಹೋಗಿದ್ದಾಗ ಬ್ಯಾಟರಿ ಇಳಿದುಹೋಗಿತ್ತು. ಮೂರನೆಯ ವರ್ಷದಿಂದ ಪಿನ್ನುಗಳು ಸಡಿಲವಾಗಿವೆ. ಹೊಂಡಕ್ಕೆ ಚಕ್ರ ಇಳಿದಾಗ ಸಂಪರ್ಕ ತಪ್ಪಿ ಆ್ಯಪ್ ಮೊದಲಿನಿಂದ ಶುರುವಾಗುತ್ತದೆ. ಭಾರತದಲ್ಲಿ ಕಾರುಗಳಿಗೆ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕೂ ಹಳೆಯ ಕಾರು ಇರುವವರು ಕೊಳ್ಳುವ ಮುನ್ನ ಬೇರೆಯವರ ಸ್ಕ್ಯಾನರ್ ತಂದು ಒಮ್ಮೆ ಚುಚ್ಚಿ ನೋಡುವುದು ಒಳ್ಳೆಯದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಒಂದೂವರೆ ಮಲ್ಟಿಮೀಟರಿನ ಪಾಲು.