ಮಗಳನ್ನು ಬಿಟ್ಟ ಮಾಂಟೆಸ್ಸರಿ ಶಿಶುಪಾಲನಾ ಕೇಂದ್ರ: ಆರು ತಿಂಗಳ ನಂತರ

ಹೆರಿಗೆ ರಜೆಯ 26 ವಾರಗಳು ಮುಗಿಯುತ್ತ ಬಂದಂತೆ, ಮಗಳನ್ನು ಯಾರ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋಗುವುದು ಎಂಬ ಚಿಂತೆ ನಮಗೂ ಶುರುವಾಯಿತು. ಅತ್ತೆಯವರಿಗೆ ಮಂಡಿನೋವು, ನನ್ನ ಅಮ್ಮ ಇರುವುದು ಹಾಸನದಲ್ಲಿ. ದಕ್ಷಿಣ ಬೆಂಗಳೂರಿನಲ್ಲಿ ಐದು ಕೇಂದ್ರಗಳನ್ನು ನೋಡಿ ಬಂದೆವು. ಅವುಗಳಲ್ಲಿ ನಾಲ್ಕರ ಫಲಕದ ಮೇಲೆ ‘ಮಾಂಟೆಸ್ಸರಿ’ ಎಂದಿತ್ತು; ಮಗು ತನ್ನ ಕೈಯಿಂದ ಮಾಡಿಯೇ ಕಲಿಯಲಿ ಎನ್ನುವ ಶಿಕ್ಷಣ ಪದ್ಧತಿ ಅದು. ಈ ಹೆಸರಿನ ಮೇಲೆ ಯಾವ ಸಂಸ್ಥೆಗೂ ಏಕಸ್ವಾಮ್ಯವಿಲ್ಲ, ಆದ್ದರಿಂದ ಯಾರು ಬೇಕಾದರೂ ಬರೆಸಿಕೊಳ್ಳಬಹುದು ಎಂಬುದನ್ನು ಹೆತ್ತವರು ಮೊದಲೇ ತಿಳಿದಿರುವುದು ಒಳ್ಳೆಯದು. ಒಂದು ಕಡೆಯಂತೂ ಹಸುಳೆಗಳನ್ನು ಸಾಲಾಗಿ ವಾಕರಿನಲ್ಲಿ ಕೂರಿಸಿ ಟಿವಿ ಹಾಕಿಟ್ಟಿದ್ದರು. ನಾವು ಕೊನೆಗೆ ಒಪ್ಪಿದ ಕೇಂದ್ರದ ಕೊರತೆಗಳ ಬಗ್ಗೆ ಅಲ್ಲಿನವರೊಡನೆ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಶಿಶುಗಳ ಕೋಣೆಯಲ್ಲಿ ತೊಟ್ಟಿಲಿಲ್ಲ. ನೆಲದ ಮೇಲೆಯೇ ತೆಳುವಾದ ಹಾಸಿಗೆಗಳಿವೆ; ಎಚ್ಚರವಾದ ಮಗು ತಾನಾಗಿಯೇ ಅಂಬೆಗಾಲಿಟ್ಟು ಇಳಿದು ಬರಬಹುದು. ಗೋಡೆಯ ಬುಡದಲ್ಲಿ ಉದ್ದನೆಯ ಕನ್ನಡಿ, ಅದರ ಮುಂದೆ ಹಿಡಿದು ನಿಲ್ಲಲು ಮರದ ಕಂಬಿ. ತಗ್ಗಾದ ಕಪಾಟಿನಲ್ಲಿ ಒಮ್ಮೆಗೆ ನಾಲ್ಕೈದು ವಸ್ತುಗಳು ಮಾತ್ರ: ಚನ್ನಪಟ್ಟಣದ ಅರಗು ಬಣ್ಣದ ಗಿಲಕಿ, ಬಟ್ಟೆಯ ಚೆಂಡು, ಮುಚ್ಚಳವಿರುವ ಪುಟ್ಟ ಡಬ್ಬಿ, ಚೆಂಡು ಹಾಕುವ ಮರದ ಪೆಟ್ಟಿಗೆ. ಆ ಪೆಟ್ಟಿಗೆಯ ಮೇಲಿನ ತೂತಿಗೆ ಚೆಂಡು ಹಾಕಿದರೆ ಅದು ಒಳಗೆ ಮರೆಯಾಗಿ, ಪಕ್ಕದ ತಟ್ಟೆಗೆ ಉರುಳಿ ಬರುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇರುತ್ತದೆ ಎಂಬುದನ್ನು ಮಗು ತನ್ನ ಕೈಯಿಂದಲೇ ಕಂಡುಕೊಳ್ಳುವ ಉಪಾಯ ಇದು.

ಮಗಳಿಗೆ ಒಂಬತ್ತು ತಿಂಗಳಾಗಿದ್ದಾಗ ಒಂದು ದಿನ ಬೇಗ ಹೋಗಿ ಬಾಗಿಲ ಬಳಿ ನಿಂತು ನೋಡಿದೆ. ಅವಳು ಚೆಂಡನ್ನು ತೂತಿನ ಅಂಚಿಗೆ ತಂದು ಕೈತಪ್ಪಿ ಬೀಳಿಸಿದಳು. ಅದು ಉರುಳಿ ದೂರ ಹೋಯಿತು, ಅವಳು ತೆವಳಿ ಹೋಗಿ ತಂದಳು, ಮತ್ತೆ ತಪ್ಪಿತು. ನನ್ನ ಕೈ ತಡೆಯಲಾರದಷ್ಟು ತುಡಿಯುತ್ತಿತ್ತು. ಎರಡು ಮೊಳ ದೂರದಲ್ಲಿ ಕೂತಿದ್ದ, ಮಕ್ಕಳನ್ನು ನೋಡಿಕೊಳ್ಳುವ ಅಕ್ಕ ಮಾತ್ರ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು. ಏಳನೆಯ ಸಲವೋ ಎಂಟನೆಯ ಸಲವೋ ಚೆಂಡು ಒಳಗಿಳಿಯಿತು. ಅದು ತಟ್ಟೆಗೆ ಬಂದು ನಿಂತಾಗ ಮಗಳು ಉಸಿರು ಬಿಗಿಹಿಡಿದು ನೋಡಿದ ಆ ಮುಖಕ್ಕಾಗಿ ಎಷ್ಟು ಶುಲ್ಕವನ್ನಾದರೂ ಕೊಡಬಹುದು ಎನಿಸಿತು. ಇದೇ ಅಕ್ಕ ಬಟ್ಟೆ ಬದಲಿಸುವ ಮೊದಲು ಎರಡೂ ಕೈ ಚಾಚಿ, ‘ಬಂಗಾರಿ, ಎತ್ಕೊಳ್ಳಲಾ?’ ಎಂದು ಕೇಳಿ, ಮಗು ತೋಳೆತ್ತುವವರೆಗೆ ಕಾಯುತ್ತಾರೆ. ಪೆಟ್ಟಿಗೆಯನ್ನು ಅಂಗಡಿಯಿಂದ ತರಬಹುದು. ಈ ಕಾಯುವಿಕೆಯನ್ನು ತರಲಾಗದು.

ಊಟದ ವಿಷಯದಲ್ಲಿ ನನಗೆ ಅನುಮಾನವಿತ್ತು. ಒಳಲೆಯಲ್ಲಿ ಹಾಲು ಕುಡಿದು ಬೆಳೆದ ಮನೆಯವರು ನಾವು. ಇವರು ಹತ್ತು ತಿಂಗಳ ಮಗುವಿನ ಕೈಗೆ ಪುಟ್ಟ ಗಾಜಿನ ಲೋಟ ಕೊಡುತ್ತಾರೆ. ಗಾಜು ಒಡೆಯುತ್ತದೆ ಎಂಬ ಕಾರಣಕ್ಕೇ ಮಗು ಜೋಪಾನವಾಗಿ ಹಿಡಿಯುವುದನ್ನು ಕಲಿಯುತ್ತದೆ ಎಂಬುದು ಅವರ ವಿವರಣೆ. ಮೊದಲ ವಾರವೆಲ್ಲ ಅಂಗಿ ತೋಯ್ದು ಬಂತು. ಈಗ ಮನೆಯಲ್ಲೂ ತಾನೇ ಲೋಟ ಹಿಡಿಯುತ್ತಾಳೆ, ರಾಗಿ ಸರಿಯನ್ನು ಅರ್ಧ ಬಾಯಿಗೆ ಅರ್ಧ ಗಲ್ಲಕ್ಕೆ ತಾನೇ ತಿನ್ನಿಸಿಕೊಳ್ಳುತ್ತಾಳೆ.

ನನಗೆ ನಿಜವಾಗಿ ನೋವಾದದ್ದು ಭಾಷೆಯ ವಿಷಯದಲ್ಲಿ. ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡಬೇಕೆಂದು ಆಡಳಿತದವರು ಎಲ್ಲ ಸಿಬ್ಬಂದಿಗೂ ಸೂಚಿಸಿದ್ದರು. ಮಾಗಡಿ ಕಡೆಯಿಂದ ಬಂದ ಈ ಅಕ್ಕ ಕನ್ನಡದಲ್ಲಿ ಮಗುವಿಗೆ ಮಳೆಯ ಬಗ್ಗೆ, ಕಿಟಕಿಗೆ ಬಂದ ಅಳಿಲಿನ ಬಗ್ಗೆ ಎಡೆಬಿಡದೆ ಹೇಳಬಲ್ಲವರು. ಮೇಲಿನವರು ಸುಳಿದಾಗ ಮಾತ್ರ ‘ಕಮ್ ಬೇಬಿ, ಈಟ್ ಬೇಬಿ’ ಎಂಬ ನಾಲ್ಕು ಪದಗಳಿಗೆ ಇಳಿದು ಮೌನವಾಗುತ್ತಿದ್ದರು. ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು, ಇಲ್ಲಿನ ಶಿಕ್ಷಕರನ್ನು ತರಬೇತುಗೊಳಿಸಿದವರು. ಮೊದಲ ಮೂರು ವರ್ಷಗಳಲ್ಲಿ ಮಗು ಸುತ್ತಲಿನ ಮಾತನ್ನು ಯಾರೂ ಕಲಿಸದೆಯೇ ಹೀರಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ತಿಳಿವಳಿಕೆ. ಹೀಗಿರುವಾಗ ಅವರ ಹೆಸರಿನ ಕೋಣೆಯಲ್ಲಿ ಮಗುವಿಗೆ ಸಿಗಬೇಕಾದ್ದು ತುಂಬಿದ ಮಾತು, ಅದು ಕನ್ನಡವಾಗಲಿ, ತೆಲುಗಾಗಲಿ, ಚೆನ್ನಾಗಿ ಬಲ್ಲವರ ಇಂಗ್ಲಿಷಾಗಲಿ. ನಾವು ಮೂವರು ತಾಯಂದಿರು ಹೋಗಿ ಇದನ್ನೇ ಹೇಳಿದೆವು. ಶಿಶುಗಳ ಕೋಣೆಗೆ ಆ ಸೂಚನೆಯನ್ನು ಸಡಿಲಿಸಿದ್ದಾರೆ. ದೊಡ್ಡ ಮಕ್ಕಳ ಕೋಣೆಯಲ್ಲಿ ಅದು ಇನ್ನೂ ಇದೆ.

ಮಧ್ಯಾಹ್ನದ ಪಾಳಿಯನ್ನು ಮಾತ್ರ ನಾನು ಮೆಚ್ಚಲಾರೆ. ಬೆಳಿಗ್ಗೆ ಮೂರು ಶಿಶುಗಳಿಗೆ ಒಬ್ಬರಿದ್ದರೆ ಎರಡು ಗಂಟೆಯ ನಂತರ ಐವರಿಗೆ ಒಬ್ಬರು, ಅದೂ ಆಗಾಗ ಹೊಸಬರು. ಒಂದು ಸಂಜೆ ಅಳುತ್ತಿದ್ದ ಮಗುವಿನ ಮುಂದೆ ಮೊಬೈಲಿನ ಹಾಡು ಹಾಕಿದ್ದನ್ನು ಕಣ್ಣಾರೆ ಕಂಡೆ. ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ದೂರಿದ ಮೇಲೆ ಮೊಬೈಲು ನಿಂತಿತು, ಆದರೆ ಜನ ಹೆಚ್ಚಲಿಲ್ಲ. ತಿಂಗಳಿಗೆ 19,000 ರೂಪಾಯಿ ಪಡೆಯುವವರು ಇಷ್ಟನ್ನು ಮಾಡಲೇಬೇಕು. ನೋಡಲು ಹೋಗುವವರು ಬೆಳಿಗ್ಗೆಯ ಬದಲು ನಾಲ್ಕು ಗಂಟೆಗೆ ಹೋಗಿ ನೋಡಲಿ.

ಇಷ್ಟಾಗಿಯೂ ಮಗಳನ್ನು ಅಲ್ಲೇ ಮುಂದುವರಿಸುತ್ತಿದ್ದೇವೆ. ನಡೆಯಲು ಕಲಿತಿರುವುದರಿಂದ ಬರುವ ತಿಂಗಳು ಅವಳು ಪಕ್ಕದ ದೊಡ್ಡ ಮಕ್ಕಳ ಕೋಣೆಗೆ ಹೋಗುತ್ತಾಳೆ. ಮೊದಲ ವಾರ ಈ ಅಕ್ಕನೂ ಅಲ್ಲಿ ಜೊತೆಗಿರಬೇಕು, ಕನ್ನಡದಲ್ಲಿ ಮಾತನಾಡಬೇಕು ಎಂದು ಕೇಳಿಕೊಂಡಿದ್ದೆವು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಶನಿವಾರ ಮತ್ತೆ ಹೋಗಬೇಕು.